ಲಗ್ನದ ಕಾರ್ಡು, ಕಾಕಾನ ಬೊಲೆರೊ, ಮತ್ತ ದಾರಿ ತುಂಬ ಪೊಲೀಸ್ ಗಾಡಿ ಮಾತು

ಶನಿವಾರ, ಕಲಬುರಗಿ – ಹುಮನಾಬಾದ – ಬೀದರ್

ತಂಗಿ ಲಗ್ನದ ಕಾರ್ಡ್ ಕೊಡ್ಲಿಕ್ಕ ಮೊದಲ ಬೀದರ್ ಕಡೆ, ಆಮ್ಯಾಲ ಯಾದಗಿರಿ ಕಡೆ ಹೋಗೋದಿತ್ತು. ಗಾಡಿ ಕಾಕಾಂದು, ಡ್ರೈವಿಂಗೂ ಕಾಕಾಂದೇ. ನಮ್ಮ ಕಾಕಾ ಡಿಎಆರ್‌ನಾಗ, ಅಂದ್ರ ಜಿಲ್ಲಾ ಸಶಸ್ತ್ರ ಮೀಸಲು ಪಡೆದಾಗ, ಪೊಲೀಸ್ ಡ್ರೈವರ್ ಆಗಿ ರಿಟೈರ್ ಆದೋರು, ಮಹೀಂದ್ರ ಜೀಪಿನಿಂದ ಹಿಡಿದು ಅಂಬಾಸಿಡರ್, ಸುಮೋ, ಬೊಲೆರೊ ತನಕ ಇಲಾಖೆ ಗಾಡಿ ಎಲ್ಲಾ ಓಡ್ಸ್ಯಾರ, ಸ್ಟೀರಿಂಗ್ ಇನ್ನೊಬ್ಬರ ಕೈಯಾಗ ಕೊಟ್ಟು ಬಾಜೂಕ ಕೂಡೋ ಮನಷ್ಯಾ ಅಲ್ಲ. ಹಿಂದ ದುಬೈದಿಂದ ಸೂಟಿ ಮ್ಯಾಲ ಬಂದ ನಮ್ಮ ಭಾವ, ಅಲ್ಲಿ ಅವರದು ಎಸಿ ರಿಪೇರಿ ಕೆಲಸ, ಜೊತಿಗೆ ಅವರ ಮಗ, ಹತ್ತನೇತ್ತ ಪರೀಕ್ಷಾ ಬರದು ಖಾಲಿ ಕುಂತಾನ, ಅವನ ಮೊಬೈಲ್ ತುಂಬ ಬರೇ ಪೊಲೀಸ್ ಕಾರಿನ ಫೋಟೊ. ಹಿಂತಾ ನಾಕು ಮಂದಿ ಒಂದೇ ಗಾಡ್ಯಾಗ ಕುಂತ ಮ್ಯಾಲ ಮಾತು ಬ್ಯಾರೆ ಎಲ್ಲಿಗೆ ಹೋಗ್ತದ ಹೇಳ್ರಿ.

ಬಿಸಲಿಗೆ ಅಂಜಿ ಆರಕ್ಕೇ ಹುಮನಾಬಾದ ರಿಂಗ್ ರೋಡ್ ದಾಟಿದ್ವಿ. ಕಮಲಾಪುರದಾಗ ಕೆಂಪು ಬಾಳೆಹಣ್ಣು ತೊಗೊಂಡು ತಿನ್ಕೋತ ಹೊಂಟಾಗ ಹುಡುಗ ಶುರು ಮಾಡ್ದ, ‘ಮುತ್ಯಾ, ಜಗತ್ತಿನ್ಯಾಗ ಎಲ್ಲಾಕ್ಕಿಂತ ಫಾಸ್ಟ್ ಪೊಲೀಸ್ ಕಾರ್ ಯಾವುದು ಗೊತ್ತದೇನು ನಿನಗ, ದುಬೈದ ಬುಗಾಟಿ ವೇರಾನ್, ತಾಸಿಗೆ 407 ಕಿಲೋಮೀಟರ್, 2017ರಾಗ ಗಿನ್ನೆಸ್‌ನವರು ರೆಕಾರ್ಡ್ ಕೊಟ್ಟಾರ.’ ಕಾಕಾ ರೋಡ್ ಬಿಟ್ಟು ಕಣ್ಣು ತೆಗಿಲಿಲ್ಲ, ‘ಎಷ್ಟು ಸಿಲಿಂಡರ್?’ ಅಂತ ಕೇಳಿದ್ರು. ಹದಿನಾರು. 8 ಲೀಟರ್ ಎಂಜಿನ್, ಸಾವಿರ ಹಾರ್ಸ್‌ಪವರ್, ನಿಂತ ಜಾಗದಿಂದ ನೂರಕ್ಕ ಮುಟ್ಲಿಕ್ಕ ಎರಡೂವರೆ ಸೆಕೆಂಡ್. ಕಾಕಾ ತಲಿ ಅಳ್ಳಾಡ್ಸಿದ್ರು, ಅವರಿಗೆ ಎಂಜಿನ್ ಅಂದ್ರ ಭಾಳ ಮರ್ಯಾದಿ.

ಭಾವ ಅದನ್ನ ಕಣ್ಣಾರೆ ನೋಡ್ಯಾರ, ಬುರ್ಜ್ ಖಲೀಫಾ ಬಾಜೂಕ ನಿಂದ್ರಿಸಿದ್ರಂತ, ಬಿಳಿ ಬಣ್ಣ ಮ್ಯಾಲ ಹಸರು ಪಟ್ಟಿ, ಸುತ್ತ ಮಂದಿ ಫೋಟೊ ತೊಗೊಳ್ಳತ್ತಿದ್ರು, ಪೊಲೀಸಪ್ಪ ಒಬ್ಬೊಬ್ಬರಿಗೂ ನಕ್ಕೋತ ಮಾತಾಡ್ಲತ್ತಿದ್ದ. 2013ರಾಗ ಲ್ಯಾಂಬೋರ್ಗಿನಿ ಅವೆಂಟಡೋರ್‌ದಿಂದ ಶುರುವಾದದ್ದು, ಹಿಂದಿಂದೇ ಫೆರಾರಿ ಎಫ್ಎಫ್, ಮೆಕ್ಲಾರನ್, ಬೆಂಟ್ಲಿ, ಜಗತ್ತಿನ್ಯಾಗ ಬರೇ 77 ಮಾಡಿದ ಆಸ್ಟನ್ ಮಾರ್ಟಿನ್ ವನ್-77, ಎಲ್ಲಾ ಬಂದ್ವು. ಬಾಜೂಕಿನ ಅಬುಧಾಬಿ ಪೊಲೀಸರೂ ಬಿಡಲಿಲ್ಲ, ಲೈಕನ್ ಹೈಪರ್‌ಸ್ಪೋರ್ಟ್ ಅಂತ ಕಾರ್ ತೊಗೊಂಡ್ರು, ಅದು ಮಾಡಿದ್ದೇ ಏಳು. ಆದ್ರ ಭಾವ ಒಂದು ಮಾತು ಚಲೋ ಹೇಳಿದ್ರು: ಈ ಗಾಡಿ ಕಳ್ಳರ ಬೆನ್ನ ಹತ್ತಲಿಕ್ಕ ಅಲ್ಲ, ಟೂರಿಸ್ಟ್ ಮಂದಿ ಇರೋ ಕಡೆ ನಿಂದ್ರಸ್ಲಿಕ್ಕ, ಹೊರಗಿನ ಮಂದಿ ಪೊಲೀಸರ ಹತ್ರ ಅಂಜದೇ ಬರ್ಲಿ ಅಂತ. ರಾತ್ರಿ ಹಗಲು ಗಸ್ತು ತಿರುಗೋದು ಮಾಮೂಲಿ ಎಸ್‌ಯುವಿ, ಸೆಡಾನ್.

ವೇರಾನ್ ಪೂರಾ ಸ್ಪೀಡಿನ್ಯಾಗ ಓಡಿದ್ರ ನೂರು ಲೀಟರಿನ ಟ್ಯಾಂಕ್ ಸುಮಾರು 12 ನಿಮಿಷಕ್ಕ ಖಾಲಿ ಅಂತ ಹುಡುಗ ಹೇಳಿದ. ಕಾಕಾ ಬಾಯಾಗೇ ಲೆಕ್ಕ ಹಾಕಿದ್ರು, 12 ನಿಮಿಷಕ್ಕ ಎಂಬತ್ತು ಕಿಲೋಮೀಟರ್ ಆಯ್ತು, ಅಂದ್ರ ಕಲಬುರಗಿ ಬಿಟ್ಟು ಹುಮನಾಬಾದ ದಾಟಿ, ಬೀದರ್ ಮುಟ್ಟೋಕಿಂತ ಮೊದಲೇ ನಿಂದ್ರತದ. ‘ಬೆನ್ನ ಹತ್ತಿದ ಕಳ್ಳ ಡೀಸೆಲ್ ಗಾಡ್ಯಾಗ ಬೀದರ್ ಮುಟ್ಟಿ ಉಂಡು ಮಲಗ್ತಾನ’ ಅಂದ್ರು.

ಹುಮನಾಬಾದದಾಗ ನಮ್ಮ ರೋಡು ಪುಣೆ-ಹೈದರಾಬಾದ್ ಹೈವೇಗೆ ಕೂಡ್ತದಲ್ರಿ, ಆ ಕ್ರಾಸಿಗೆ ಬರೋದ್ರಾಗ ಮುಂದ ಎಲ್ಲಾ ಗಾಡಿ ನಿಂತಿದ್ವು. ಒಂದು ಪೊಲೀಸ್ ಗಾಡಿ ಸೈರನ್ ಹಾಕ್ಕೊಂಡು ಲಾರಿಗಳನ್ನ ಅಂಚಿಗೆ ಸರಿಸ್ಲತ್ತಿತ್ತು, ಅದರ ಹಿಂದ ಆಂಬುಲೆನ್ಸ್, ಹೈದರಾಬಾದ್ ಕಡೆ ಹೊಳ್ಳಿತು. ನಮ್ಮ ಕಡಿ ಮಂದಿಗೆ ಗೊತ್ತದ, ದೊಡ್ಡ ಜಡ್ಡು ಅಂದ್ರ ಹೈದರಾಬಾದ್ ಇಲ್ಲಾ ಸೊಲ್ಲಾಪುರ. ಆ ಎರಡು ಗಾಡಿ ಹೋಗೋ ತನಕ ನಾವ್ ಯಾರೂ ಮಾತಾಡ್ಲಿಲ್ಲ, ಆಮ್ಯಾಲ ಹುಡುಗ ಮೊಬೈಲ್ ತೆಗದು ಇಟಲಿ ಪೊಲೀಸರ ಲ್ಯಾಂಬೋರ್ಗಿನಿ ತೋರ್ಸಿದ.

ಇದು ನನಗ ಭಾಳ ಹಿಡಿಸ್ತು, ಅದಕ್ಕ ಸ್ವಲ್ಪ ಬಿಡಿಸಿ ಬರಿತೀನಿ. 2004ರಾಗ ಲ್ಯಾಂಬೋರ್ಗಿನಿ ಕಂಪನಿಯವರು ಇಟಲಿ ಪೊಲೀಸರಿಗೆ ಗಲ್ಲಾರ್ಡೊ ಕಾರ್ ದಾನ ಕೊಟ್ರು, 500 ಹಾರ್ಸ್‌ಪವರ್, ತಾಸಿಗೆ 309 ಕಿಲೋಮೀಟರ್. ಈ ಕಾರಿನ ಎಂಜಿನ್ ಹಿಂದ ಇರ್ತದ, ಮುಂದಿನ ಬಾನೆಟ್ ಕೆಳಗ ಸಾಮಾನು ಇಡೋ ಜಾಗ, ಆ ಜಾಗದಾಗ ಅವರು ತಣ್ಣನ ಪೆಟ್ಟಿಗಿ ಕೂಡ್ಸ್ಯಾರ, ಕಿಡ್ನಿ, ಲಿವರ್, ರಕ್ತ ಒಂದು ಊರಿಂದ ಇನ್ನೊಂದು ಊರಿಗೆ ಒಯ್ಯಲಿಕ್ಕ, ಮತ್ತ ಲಯ ತಪ್ಪಿದ ಹೃದಯಕ್ಕ ಶಾಕ್ ಕೊಡೋ ಮಷಿನ್ನೂ ಗಾಡ್ಯಾಗೇ ಇರ್ತದ. ಒಂದು ಗಲ್ಲಾರ್ಡೊ 2009ರಾಗ ಕ್ರೆಮೋನಾ ಅನ್ನೋ ಊರಾಗ ಪೆಟ್ರೋಲ್ ಬಂಕಿನಿಂದ ಹೊರಗ ಬಂದ ಕಾರ್ ತಪ್ಸ್ಲಿಕ್ಕ ಹೋಗಿ ಪೂರಾ ನುಜ್ಜುಗುಜ್ಜಾಯ್ತು, ಒಳಗಿದ್ದ ಇಬ್ಬರು ಪೊಲೀಸರು ಉಳ್ಕೊಂಡ್ರು. 2014ರಾಗ ಹುರಾಕಾನ್ ಬಂತು, 610 ಹಾರ್ಸ್‌ಪವರ್. 2020ರ ನವೆಂಬರ್‌ದಾಗ ಹಿಂತಾದೇ ಹುರಾಕಾನ್ ಪಡೋವಾದಿಂದ ರೋಮ್ ತನಕ, ಹತ್ರ ಹತ್ರ 500 ಕಿಲೋಮೀಟರ್, ಒಂದು ಕಿಡ್ನಿ ಒಯ್ದು ಮುಟ್ಟಿಸ್ತು, ಎರಡು ತಾಸಿನ ಸುಮಾರಿಗೆ. ಕಲಬುರಗಿಯಿಂದ ಬೆಂಗಳೂರು ಇದಕ್ಕಿಂತ ಸ್ವಲ್ಪ ಜಾಸ್ತಿ ದೂರ ಅಷ್ಟೇ, ಒಂದು ರಾತ್ರಿ ಪೂರಾ ಬಸ್ಸಿನ್ಯಾಗ ಕುಂದ್ರತೀವಿ ನಾವು.

ನನ್ನ ಕೇಳಿದ್ರ ಜಗತ್ತಿನ ಎಲ್ಲಾ ಪೊಲೀಸ್ ಕಾರಿನಾಗ ದೊಡ್ಡದು ಇದು. ಸ್ಪೀಡಿಗಲ್ಲ, ಆ ತಣ್ಣನ ಪೆಟ್ಟಿಗಿಗೆ. ಹುಡುಗ ಒಪ್ಪಲಿಲ್ಲ, ಅವಂಗ 407 ಅಂದ್ರ 407.

ಮಧ್ಯಾಹ್ನ ಬೀದರ್ ಮುಟ್ಟಿ ನಾಲ್ಕೈದು ಮನಿ ಕಾರ್ಡ್ ಕೊಟ್ವಿ. ಎಲ್ಲಾ ಕಡೆ ಚಹಾ, ಎಲ್ಲಾ ಕಡೆ ಉಂಡು ಹೋಗ್ರಿ.

ಐತ್ವಾರ, ಬೀದರ್

ಮುಂಜಾನಿ ನಾನಕ್ ಝಿರಾಕ್ಕ ಹೋಗಿ ಅಲ್ಲೇ ಲಂಗರಿನ್ಯಾಗ ಊಟ ಮಾಡಿ ಕೋಟಿಗೆ ಹೋದ್ವಿ. ಕೋಟಿ ಬಗ್ಗೆ ಬರಿಯೋರು ಭಾಳ ಮಂದಿ ಅದಾರ, ನಾ ಬರಿಯಂಗಿಲ್ಲ. ಬಿದರಿ ಕೆಲಸದ ಅಂಗಡ್ಯಾಗ ಭಾವ ದುಬೈ ಸೇಠನಿಗೆ ಕೊಡ್ಲಿಕ್ಕ ಒಂದು ಹೂಜಿ ತೊಗೊಂಡ್ರು, ಕರ್ರನ ಲೋಹದ ಮ್ಯಾಲ ಬೆಳ್ಳಿ ಎಳಿ, ಕಪ್ಪು ಬರೋದು ಈ ಕೋಟಿ ಮಣ್ಣಿನಿಂದ ಅಂತ ಅಂಗಡಿಯವರು ಹೇಳೋದ್ರಾಗ ಹುಡುಗ ‘ರೋಮ್ ಪೊಲೀಸರ ಫೆರಾರೀನೂ ಹಿಂಗೇ ಕರ್ರಗಿತ್ತು’ ಅಂದ.

ಅದೂ ಒಂದು ದೊಡ್ಡ ಕಥಿ. 1962ರಾಗ ರೋಮ್ ಪೊಲೀಸರಿಗೆ ಫೆರಾರಿ 250 ಜಿಟಿಇ ಬಂತು, 3 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್, 240 ಹಾರ್ಸ್‌ಪವರ್. ರಾತ್ರಿ ಕಳ್ಳರು ಜೋರು ಜೋರು ಕಾರಿನ್ಯಾಗ ತಪ್ಪಿಸ್ಕೊಂಡು ಹೋಗ್ತಿದ್ರು, ಇವರ ಹತ್ರ ಅಷ್ಟು ಜೋರಿಂದು ಗಾಡಿ ಇರ್ಲಿಲ್ಲ. ಅದನ್ನ ಓಡ್ಸಿದ್ದು ಅರ್ಮಾಂಡೊ ಸ್ಪಾಟಾಫೋರಾ ಅನ್ನೋ ಪೊಲೀಸ್, ಫೆರಾರಿ ಊರು ಮರನೆಲ್ಲೊಕ್ಕೇ ಕಳಿಸಿ ಟ್ರೇನಿಂಗ್ ಕೊಡ್ಸಿದ್ರು. ಕಳ್ಳನ ಬೆನ್ನ ಹತ್ತಿ ರೋಮಿನ ಸ್ಪ್ಯಾನಿಷ್ ಮೆಟ್ಲ ಮ್ಯಾಲಿಂದೇ ಫೆರಾರಿ ಇಳ್ಸಿದ ಅಂತ ಮಂದಿ ಇವತ್ತಿಗೂ ಕಥಿ ಹೇಳ್ತಾರ. 1968ರ ತನಕ ಆ ಗಾಡಿ ಡ್ಯೂಟಿ ಮಾಡ್ತು.

ಡ್ರೈವರ್ ಹೆಸರು ಇನ್ನೂ ಉಳಿದದ ಅಂದದ್ದಕ್ಕ ಕಾಕಾ ಖುಷಿ ಆದ್ರು, ಅದನ್ನ ನೋಡಿ ನನಗೂ ಖುಷಿ ಆಯ್ತು. ಪೊಲೀಸ್ ಅಂದ್ರ ಎಸ್ಪಿ, ಡಿವೈಎಸ್ಪಿ, ಪಿಎಸ್ಐ ಹೆಸರು ಪೇಪರಿನ್ಯಾಗ ಬರ್ತದ, ಗಾಡಿ ಓಡ್ಸಿದೋರ ಹೆಸರು ಯಾರು ಬರಿತಾರ. ಮೂವತ್ತು ವರ್ಷದ ಮ್ಯಾಲ ಸ್ಟೀರಿಂಗ್ ಹಿಡದ ಮನಷ್ಯಾ ಅವರು.

ಕೋಟಿ ಒಳಗ ನೆಳ್ಳಿಗೆ ಕುಂತಾಗ ಅವರದು ಜೀಪಿನ ಮಾತು ಶುರುವಾಯ್ತು. ಶರಣಬಸಪ್ಪನ ಜಾತ್ರಿಗೆ ಜೀಪಿನ ಹುಡ್ ತೆಗದು ಒಯ್ತಿದ್ರಂತ, ಸಾಹೇಬ್ರು ಜೀಪಿನ್ಯಾಗ ಎದ್ದು ನಿಂತು ಮಂದಿನ್ನ ಸರಿಸ್ತಿದ್ರಂತ, ತೇರು ಎಳಿಯೋ ಟೈಮಿನ್ಯಾಗ ಮುಚ್ಚಿದ ಗಾಡಿ ಏನೂ ಉಪಯೋಗ ಇಲ್ಲ. ಇದನ್ನ ಕೇಳಿ ಹುಡುಗ ಜಿಗಿದಾಡ್ದ, ಯಾಕಂದ್ರ ಹಾಲೆಂಡಿನ ಪೊಲೀಸರು ಇದೇ ಕಾರಣಕ್ಕ ಮ್ಯಾಲಿನ ಟಪ್ ತೆಗಿಯೋ ಪೋರ್ಷ ತೊಗೊಂಡಿದ್ರು! 60ರ ದಶಕದಾಗ ಮೊದಲ 356, ಆಮ್ಯಾಲ 911 ಟಾರ್ಗಾ, ಹೈವೇ ಮ್ಯಾಲ ಬಾಜೂಕಿನ ಪೊಲೀಸ್ ಎದ್ದು ನಿಂತು ಹಿಂದಿನ ಗಾಡಿಗಳಿಗೆ ಕೈ ಮಾಡಬೇಕು, ಅದಕ್ಕ. ಥಂಡಿ ದೇಶ, ಮಳಿ ಬ್ಯಾರೆ, ಆದ್ರೂ ಟಪ್ ತೆಗದು ಓಡಾಡ್ತಿದ್ರು. ಜರ್ಮನಿದಾಗೂ ಹಂಗೇ, ಪೋರ್ಷ ಕಂಪನಿಯ ಒಂದು ಲಕ್ಷನೇ ಕಾರ್ 1966ರಾಗ ಹೋಗಿದ್ದು ಪೊಲೀಸರಿಗೇ, 912 ಟಾರ್ಗಾ, ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕ.

‘ಅವರದು ಪೋರ್ಷ, ನಮ್ಮದು ಜೀಪು, ಕೆಲಸ ಒಂದೇ ನೋಡಪ್ಪಾ’ ಅಂತ ಕಾಕಾ ಹುಡುಗನ ಬೆನ್ನು ತಟ್ಟಿದ್ರು.

ಸೋಮಾರ, ಬೀದರ್ – ಚಿಂಚೋಳಿ – ಸೇಡಂ – ಕಲಬುರಗಿ

ಹೊಳ್ಳಿ ಬರುವಾಗ ಚಿಂಚೋಳಿ, ಸೇಡಂದಾಗ ಕಾರ್ಡ್ ಕೊಡೋದಿತ್ತು, ಅದಕ್ಕ ಮನ್ನಾಎಖೇಳಿ ಮ್ಯಾಲಿಂದ ಬಂದ್ವಿ. ಹನ್ನೊಂದಕ್ಕೇ ಬಿಸಲು ಸುಡ್ಲತ್ತಿತ್ತು. ಕಾಕಾ ಎಸಿ ಬಂದ್ ಮಾಡಿ ಗ್ಲಾಸ್ ಇಳ್ಸಿದ್ರು, ಎಂಜಿನ್ ಟೆಂಪರೇಚರ್ ಕಾಟಾ ನೋಡ್ಕೋತ. ಪೊಲೀಸ್ ಗಾಡ್ಯಾಗ ಎಂಜಿನ್ ತಣ್ಣಗ ಇಡೋದೇ ದೊಡ್ಡ ಕೆಲಸ ಅಂತ ಅವರು ಹೇಳೋದು. ಯಾಕಂದ್ರ ಗಾಡಿ ಓಡೋಕಿಂತ ನಿಂದ್ರೋದು ಜಾಸ್ತಿ, ಬಂದೋಬಸ್ತಿನ್ಯಾಗ ತಾಸಗಟ್ಲೆ ಎಂಜಿನ್ ಚಾಲೂ ಇಟ್ಕೊಂಡು ನಿಂದ್ರಬೇಕು, ಮ್ಯಾಲ ಲೈಟ್, ವೈರ್‌ಲೆಸ್ ಎಲ್ಲಾ ಬ್ಯಾಟರಿ ತಿಂತಾವ, ನಿಂತಲ್ಲೇ ಕಾದ ಗಾಡಿ ಒಮ್ಮಿಂದೊಮ್ಮೆ ಜೋರು ಓಡಬೇಕು.

ಅಮೇರಿಕಾದ ಪೊಲೀಸರು ಇದನ್ನ ಭಾಳ ಹಿಂದೇ ತಿಳ್ಕೊಂಡಾರ. ಅಲ್ಲಿ ವರ್ಷಾನುಗಟ್ಲೆ ಓಡಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ನೋಡ್ಲಿಕ್ಕ ಅಜ್ಜನ ಕಾಲದ ಉದ್ದ ಕಾರ್, 4.6 ಲೀಟರ್ ವಿ8, ಲಾರಿ ಜೀಪಿನಂಗ ಬ್ಯಾರೆ ಚಾಸಿ ಮ್ಯಾಲ ಬಾಡಿ ಕೂಡ್ಸಿದ್ದು. ಪೊಲೀಸ್ ಮಾಡೆಲಿಗೆ ಬ್ಯಾಟರಿ ಚಾರ್ಜ್ ಮಾಡೋ ದೊಡ್ಡ ಆಲ್ಟರ್ನೇಟರ್, ಆಯಿಲ್ ತಣ್ಣಗ ಮಾಡೋ ಕೂಲರ್, ಗಟ್ಟಿ ಸಸ್ಪೆನ್ಷನ್, ಹಿಂದಿನ ಬಾಗಲಾ ಒಳಗಿಂದ ತೆಗಿಲಿಕ್ಕ ಬರಂಗಿಲ್ಲ. 2011ರಾಗ ಅದನ್ನ ಮಾಡೋದು ನಿಂತಾಗ ಎಷ್ಟೋ ಪೊಲೀಸರಿಗೆ ಬ್ಯಾಸರ ಆಯ್ತು. ಮಿಶಿಗನ್ ರಾಜ್ಯದ ಪೊಲೀಸರು ಪ್ರತಿ ವರ್ಷ ಹೊಸ ಪೊಲೀಸ್ ಗಾಡಿಗಳನ್ನ ಟ್ರ್ಯಾಕಿನ್ಯಾಗ ಓಡ್ಸಿ, ಬ್ರೇಕ್ ಎಷ್ಟರಾಗ ಹಿಡಿತದ, ನೂರಕ್ಕ ಎಷ್ಟರಾಗ ಮುಟ್ತದ ಅಂತ ಅಳದು ಬರದು ಹಾಕ್ತಾರ, ಉಳಿದ ಊರಿನೋರು ಅದನ್ನ ನೋಡಿ ಗಾಡಿ ತೊಗೊತಾರ. ಕಾಕಾಗ ಇದು ಎಲ್ಲಾಕ್ಕಿಂತ ಹಿಡಿಸ್ತು. ನಮ್ಮಲ್ಲಿ ಹಿಂಗ ಡ್ರೈವರ್ ಮಂದಿನ್ನ ಕೇಳಿ ಗಾಡಿ ತೊಗೊಂಡ್ರ ಎಷ್ಟು ಚಂದ ಇರ್ತದ ಅಂದ್ರು, ನನಗೂ ಅದು ಖರೇ ಅನಸ್ತು.

ಸೇಡಂದಾಗ ಬೀಗರ ಮನ್ಯಾಗ ಕಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು ಸಂಜಿ ಮಳಖೇಡ ಹತ್ರ ಬಂದ್ವಿ. ಕಾಗಿಣಾ ಬ್ರಿಡ್ಜ್ ದಾಟಿ ಕಾಕಾ ತಾವೇ ಗಾಡಿ ಅಂಚಿಗೆ ನಿಂದ್ರಿಸಿದ್ರು. ನದ್ಯಾಗ ಬಂಡೆಗಲ್ಲು ಕಾಣ್ತಿದ್ವು, ನೀರು ಅಷ್ಟಕ್ಕಷ್ಟೇ. ಆದ್ರ ಮಳಿಗಾಲದಾಗ ಇದೇ ಕಾಗಿಣಾ ಬ್ರಿಡ್ಜ್ ಮ್ಯಾಲ ಹರಿತದ, ಸೇಡಂ ರೋಡ್ ಬಂದ್ ಆಗ್ತದ, ನಮ್ಮ ಕಡಿ ಎಲ್ಲಾರಿಗೂ ಗೊತ್ತಿದ್ದದ್ದೇ.

ಅಲ್ಲಿ ನಿಂತು ಅವರು ಹೇಳಿದ್ದು, ಮನ್ಯಾಗ ಯಾವತ್ತೂ ಹೇಳಿದ್ದಿಲ್ಲ. ಜೀಪಿನ ಕಾಲ ಅದು, ರಾತ್ರಿ ಗಸ್ತಿನ್ಯಾಗ ಇದ್ದಾಗ ಒಂದು ತಾಂಡಾದ ಮಂದಿ ಕೈ ಮಾಡಿ ನಿಂದ್ರಿಸಿದ್ರಂತ, ಏಳೆಂಟು ವರ್ಷದ ಹುಡಗಿಗೆ ಹಾವು ಕಡದದ, ಹತ್ರದ ದವಾಖಾನ್ಯಾಗ ಆ ಹೊತ್ತಿಗೆ ಔಷಧ ಇಲ್ಲ, ಕಲಬುರಗಿಗೇ ಒಯ್ಬೇಕು. ಮ್ಯಾಲಿಂದ ಮಳಿ ಹೊಡಿಲತ್ತದ. ಜೀಪಿನ್ಯಾಗಿದ್ದ ಎಎಸ್ಐ ‘ಹೊಡಿ ಗಾಡಿ’ ಅಂದ್ರು. ವೈಪರ್ ಒಂದೇ ಕಡಿ ಓಡ್ತಿತ್ತು, ಹೆಡ್‌ಲೈಟಿನ ಬೆಳಕು ಮಳ್ಯಾಗ ಹತ್ತು ಮಾರು ದೂರ ಸೈತ ಬೀಳ್ತಿರ್ಲಿಲ್ಲ, ಆದ್ರ ರೋಡ್ ಅವರಿಗೆ ಬಾಯಿಪಾಠ, ಎಲ್ಲಿ ತೆಗ್ಗು ಎಲ್ಲಿ ತಿರವು ಎಲ್ಲಾ. ಬ್ರಿಡ್ಜಿಗೆ ನೀರು ಇನ್ನೊಂದು ಮೊಳ ಕೆಳಗಿತ್ತು, ದಾಟಿದ್ರು. ವೈರ್‌ಲೆಸ್ಸಿನ್ಯಾಗ ಮೊದಲೇ ಹೇಳಿದ್ದಕ್ಕ ದವಾಖಾನಿ ಬಾಗಲದಾಗೇ ಮಂದಿ ನಿಂತಿದ್ರು. ಹುಡಗಿ ಉಳೀತು. ಮುಂಜಾನಿ ನೋಡಿದ್ರ ಬ್ರಿಡ್ಜ್ ಮುಣಗಿತ್ತು. ‘ಆ ಜೀಪು ಎಪ್ಪತ್ತರ ಮ್ಯಾಲ ಹೋದ್ರ ಸ್ಟೀರಿಂಗ್ ನಡಗ್ತಿತ್ತಪ್ಪಾ, ಎಪ್ಪತ್ತರ ಮ್ಯಾಲ ನಾ ಹೋಗೇ ಇಲ್ಲ’ ಅಂದ್ರು.

ಹುಡುಗ ಸುಮ್ಮ ನಿಂತು ಕೇಳಿದ. ಆಮ್ಯಾಲ ಗಾಡ್ಯಾಗ ಕುಂತು ತಾನೇ ಲಂಡನ್ನಿನ ಕಥಿ ಹೇಳಿದ, 1987ರ ಮೇ 8ರದು. ಸ್ಟ್ಯಾನ್‌ಸ್ಟೆಡ್ ಏರ್‌ಪೋರ್ಟಿಗೆ ಲಿವರ್ ಬಂದದ, ಊರ ನಡುವಿನ ಕ್ರಾಮ್‌ವೆಲ್ ಆಸ್ಪತ್ರ್ಯಾಗ ಪೇಷಂಟ್, 27 ಮೈಲು ಅಂದ್ರ ಸುಮಾರು 43 ಕಿಲೋಮೀಟರ್. ಲಂಡನ್ ಪೊಲೀಸರ ರೋವರ್ ಎಸ್‌ಡಿ1 ಕಾರು, 3.5 ಲೀಟರ್ ವಿ8, ಅವತ್ತು ಸುಕ್ಕರಾರ, ಟ್ರಾಫಿಕ್ ತುಂಬಿ ತುಳಕ್ಲತ್ತಿತ್ತು, ಬೈಕಿನ ಪೊಲೀಸರು ಒಂದೊಂದು ಜಂಕ್ಷನ್ ಹಿಡದು ದಾರಿ ಬಿಡಿಸಿದ್ರು, ಅರ್ಧ ತಾಸಿನ್ಯಾಗ ಮುಟ್ಟಿಸಿದ್ರು. ಈಗ ನಮ್ಮಲ್ಲಿ ಝೀರೋ ಟ್ರಾಫಿಕ್ ಅಂತೀವಲ್ಲ, ಅದೇ. ಕಾಕಾ ಆ ಬೈಕಿನೋರ ಬಗ್ಗೇ ಮೂರು ಸಲ ಕೇಳಿದ್ರು, ಎಷ್ಟು ಮಂದಿ ಇದ್ರು, ಹೆಂಗ ಒಬ್ಬರನ್ನೊಬ್ಬರು ದಾಟಿ ಮುಂದ ಹೋಗ್ತಿದ್ರು ಅಂತ. ಕಾರಿನ ಬಗ್ಗೆ ಕೇಳಲೇ ಇಲ್ಲ.

ಮಂಗಳಾರ, ಜೇವರ್ಗಿ – ಶಹಾಪುರ – ಯಾದಗಿರಿ

ಕಟ್ಟಿಸಂಗಾವಿ ಹತ್ರ ಭೀಮಾ ದಾಟಿ ಜೇವರ್ಗಿದಾಗ ಎರಡು ಮನಿ, ಶಹಾಪುರದಾಗ ಮಲಗಿದ ಬುದ್ಧನಂಗ ಕಾಣೋ ಗುಡ್ಡದ ಮುಂದ ಮಿರ್ಚಿ ಭಜಿ, ಸುಸಲಾ. ಇವತ್ತ ಹುಡುಗನ ಮಾತಿನ ಧಾಟಿ ಬ್ಯಾರೆ ಆಗಿತ್ತು, ಸ್ಪೀಡ್ ಹೇಳೋದು ಬಿಟ್ಟು ಈ ಗಾಡಿ ಯಾಕ ತೊಗೊಂಡ್ರು, ಯಾರು ಕೊಟ್ರು ಅಂತ ಹೇಳ್ಲತ್ತಿದ. ಜಪಾನಿನ ತೋಚಿಗಿ ಜಿಲ್ಲಾದ ಪೊಲೀಸರ ಹತ್ರ ನಿಸ್ಸಾನ್ ಜಿಟಿ-ಆರ್ ಅದ, 570 ಹಾರ್ಸ್‌ಪವರ್, 2018ರಾಗ ಅದೇ ಕಡಿ ಒಬ್ಬ ಮನಷ್ಯಾ ಕೊಂಡು ಪೊಲೀಸರಿಗೆ ದಾನ ಕೊಟ್ಟಾನ, 2025ರ ತನಕ ಆ ಕಾರ್ ತಯಾರಾಗ್ತಿದ್ದದ್ದೂ ಆ ಜಿಲ್ಲಾದ ಫ್ಯಾಕ್ಟರ್ಯಾಗೇ. ನಮ್ಮ ಮಂದಿ ಗುಡಿಗೆ ತೇರು ಮಾಡಿಸಿ ಕೊಡೋದಿಲ್ಲೇನು, ಹಂಗ.

ಇನ್ನೊಂದು ವಿಷಯ ನನಗ ಭಾಳ ಸೋಜಿಗ ಅನಿಸಿದ್ದು: ಜಗತ್ತಿನ ಮೊದಲ್ನೇ ಪೊಲೀಸ್ ಕಾರ್ ಅಂತ ಹೇಳೋದು ಪೆಟ್ರೋಲಿಂದೂ ಅಲ್ಲ ಡೀಸೆಲ್ಲಿಂದೂ ಅಲ್ಲ, ಕರೆಂಟಿಂದು! ಅಮೇರಿಕಾದ ಓಹಾಯೊ ರಾಜ್ಯದ ಆ್ಯಕ್ರನ್ ಊರಾಗ, 1899ರಾಗ, ಬ್ಯಾಟರಿ ಮ್ಯಾಲ ಓಡೋ ಬಂಡಿ, ತಾಸಿಗೆ 16 ಮೈಲು, ಒಮ್ಮೆ ಚಾರ್ಜ್ ಮಾಡಿದ್ರ 30 ಮೈಲು. ಮೊದಲ ಡ್ಯೂಟಿ ಏನಂದ್ರ ಕುಡದು ಬಿದ್ದ ಒಬ್ಬನ್ನ ಎತ್ಕೊಂಡು ಬರೋದು. ಭಾವ ಬಿದ್ದು ಬಿದ್ದು ನಕ್ಕರು, ಕಾಕಾ ‘ಇವತ್ತಿಗೂ ಅದೇ ಡ್ಯೂಟಿ’ ಅಂದ್ರು.

ಯಾದಗಿರಿದಾಗ ಕೋಟಿ ಗುಡ್ಡದ ಕೆಳಗಿನ ಓಣ್ಯಾಗ ಕಾರ್ಡ್ ಎಲ್ಲಾ ಖಾಲಿ ಆದ್ವು. ಚಹಾ ಕುಡ್ಕೋತ ನಾ ಕಾಕಾಗ ಕೇಳಿದೆ, ಇಷ್ಟೆಲ್ಲಾ ಗಾಡಿ ಕೇಳಿದ್ರಲ್ಲ, ನಮ್ಮ ರೋಡಿಗೆ ಯಾವುದು ಬೇಕು? ಅವರು ಯೋಚನೆ ಮಾಡೋದ್ರಾಗ ಹುಡುಗ ಪಂಜಾಬಿಂದು ಹೇಳಿದ. ಅಲ್ಲಿ 2024ರ ಜನವರಿದಾಗ ಸಡಕ್ ಸುರಖ್ಯಾ ಫೋರ್ಸ್ ಅಂತ ಶುರು ಮಾಡ್ಯಾರ, ಒಟ್ಟು 144 ಗಾಡಿ, ಅದರಾಗ 116 ಟೊಯೋಟಾ ಹೈಲಕ್ಸ್, ಹೈವೇ ಮ್ಯಾಲ ಮೂವತ್ತು ಮೂವತ್ತು ಕಿಲೋಮೀಟರಿಗೆ ಒಂದು ನಿಂದ್ರತದ, ಆ್ಯಕ್ಸಿಡೆಂಟ್ ಆದ್ರ ಮೊದಲ ಮುಟ್ಟಿ ಪೇಷಂಟಿಗೆ ಪಟ್ಟಿ ಕಟ್ಟಿ ದವಾಖಾನಿಗೆ ಸಾಗಿಸೋದು ಅದರ ಕೆಲಸ. ಕಾಕಾ ‘ಇದು’ ಅಂದ್ರು. ಹೈಲಕ್ಸ್ ಚಾಸಿ ಗಟ್ಟಿ, ಡೀಸೆಲ್, ತೆಗ್ಗಿಗೆ ಅಂಜಂಗಿಲ್ಲ, ಹಿಂದ ಸಾಮಾನು ಇಡ್ಲಿಕ್ಕ ಜಾಗ ಅದ.

ನಮ್ಮಲ್ಲೂ 112ರ ಗಾಡಿ ಅದಾವ, ಹೈವೇ ಗಸ್ತಿನ ಗಾಡಿ ಅದಾವ, ಆದ್ರ ಬೀದರ್‌ದಿಂದ ಜೇವರ್ಗಿ ತನಕ ಮೂವತ್ತು ಕಿಲೋಮೀಟರಿಗೊಂದು ಹಂತಾ ಗಾಡಿ ನಿಂತ್ರ ಎಷ್ಟು ಜೀವ ಉಳಿತಾವ ಅಂತ ನಾ ಅಂದೆ. ಹುಡುಗ ಅಷ್ಟರಾಗ ಮೊಬೈಲ್ ಮ್ಯಾಪಿನ್ಯಾಗ ಗುರ್ತು ಹಾಕ್ಲತ್ತಿದ, ಬೀದರ್, ಹುಮನಾಬಾದ, ಕಮಲಾಪುರ, ಕಲಬುರಗಿ, ಜೇವರ್ಗಿ. ಕಾಕಾ ಮೊಬೈಲ್ ಕಸ್ಕೊಂಡು ಕನ್ನಡಕ ಹಾಕ್ಕೊಂಡು ನೋಡಿ, ‘ಊರಾಗ ಯಾಕ ನಿಂದ್ರಸ್ತಿ, ಊರಾಗ ಮಂದಿ ಇರ್ತಾರ, ಠಾಣಾ ಇರ್ತದ. ಇಲ್ಲಿ ನಿಂದ್ರಸು’ ಅಂತ ಹುಮನಾಬಾದಿಗೂ ಕಮಲಾಪುರಕ್ಕೂ ನಡುವ ಬೆರಳು ಇಟ್ರು. ಕಬ್ಬು ಕಡಿಯೋ ಸೀಜನ್ನಿನ್ಯಾಗ ಹಿಂದಿನ ಲೈಟ್ ಇಲ್ಲದ ಟ್ರ್ಯಾಕ್ಟರ್ ರಾತ್ರಿಯೆಲ್ಲಾ ಅಲ್ಲೇ ಸಾಲು ಹಚ್ತಾವ, ಬೈಕಿನ ಹುಡುಗರು ಹೋಗಿ ಹಿಂದಿನಿಂದ ಹೊಡಿತಾರ, ಕತ್ತಲಾಗ ಯಾರಿಗೂ ಕಾಣಂಗಿಲ್ಲ. ‘ಗಾಡಿ ಒಂದು ಕಡಿಮಿ ಇದ್ರೂ ನಡಿತದ, ಆದ್ರ ನವೆಂಬರ್‌ದಿಂದ ಮಾರ್ಚ್ ತನಕ ಇಲ್ಲಿ ಇರ್ಲೇಬೇಕು, ಮತ್ತ ಅದರಾಗ ಟ್ರ್ಯಾಕ್ಟರಿಗೆ ಹಚ್ಚಲಿಕ್ಕ ಕೆಂಪು ರೇಡಿಯಂ ಪಟ್ಟಿ ಬಂಡಲ್‌ಗಟ್ಲೆ ಇರ್ಬೇಕು, ಬರ್ಕೋ’ ಅಂದ್ರು. ಹುಡುಗ ಬರ್ಕೊಂಡ.